ಹೈಬ್ರಿಡ್ ಗಾಡಿ ಸಾಕೋದು ತುಟ್ಟಿ ಬೀಳ್ತದೇನ್ರಿ?

ಪ್ರಶ್ನೆ: ಶರಣ್ರಿ ಸರ್. ಕಲಬುರಗಿ ಗಂಜಿನಾಗ ನಂದು ತೊಗರಿ ವ್ಯಾಪಾರ ಅದ. 2013ರ ಡೀಸೆಲ್ ಗಾಡಿ, ಎರಡು ಸಲ ಕ್ಲಚ್ ಹಾಕ್ಸೀನಿ, ಈಗ ಮಾರಿ ಹೊಸಾದು ತಗೋಬೇಕಂತ ಮಾಡೀನಿ. ವಾರಕ್ಕ ಒಮ್ಮೆ ಹೈದ್ರಾಬಾದ್ ಹೋಗಿ ಬರ್ತೀನಿ, ಉಳಿದ ದಿನ ಮನಿಯಿಂದ ಗಂಜು, ಗಂಜಿನಿಂದ ಮನಿ. ಶೋರೂಮಿನವ್ರು ಹೈಬ್ರಿಡ್ ತಗೋರಿ ಅಂತಾರ. ನಮ್ಮ ಅಳಿಯ ಅಂತಾನ, ಮಾವಾ ಅದರ ಬ್ಯಾಟರಿ ಹೋಯ್ತಂದ್ರ ಹೊಲ ಮಾರ್ಬೇಕಾಗ್ತದ ಅಂತ. ಖರೆ ಏನದ ಹೇಳ್ರಿ, ಮೇಂಟೆನೆನ್ಸ್ ಎಷ್ಟು ಜಾಸ್ತಿ ಬರ್ತದ?

ಉತ್ತರ: ಶರಣ್ರಿ ಸಾಹುಕಾರ್ರ. ಹೊಲ ಮಾರೂದು ಬ್ಯಾಡ, ಅಳಿಯಂದ್ರಿಗಿ ಸ್ವಲ್ಪ ಸಮಾಧಾನ ಹೇಳ್ರಿ. ಆದ್ರ ಶೋರೂಮಿನವ್ರ ಮಾತಿಗೂ ಹಂಗೇ ತಲಿ ಅಲ್ಲಾಡಿಸಬ್ಯಾಡ್ರಿ, ಯಾಕಂದ್ರ ಮೊದಲು ಅವ್ರು ಹೇಳ್ತಿರೋ ಹೈಬ್ರಿಡ್ ಯಾವುದಂತ ಕೇಳ್ಬೇಕು. ಹೈಬ್ರಿಡ್ ಅಂದ್ರ ಪೆಟ್ರೋಲ್ ಇಂಜಿನ್ ಜೋಡಿ ಕರೆಂಟಿನ ಮೋಟಾರ್ ಇರೋ ಗಾಡಿ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಇವೆರಡೂ ನೋಡ್ರಿ, ಒಂದೇ ಬಾಡಿಯಾಗ ಎರಡು ಥರದ ಗಾಡಿ ಬರ್ತಾವ. ಒಂದು ಮೈಲ್ಡ್ ಹೈಬ್ರಿಡ್, 1462 ಸಿಸಿ ನಾಲ್ಕು ಸಿಲಿಂಡರ್, ಕಂಪನಿ ಹೇಳೋ ಮೈಲೇಜು 21ರ ಹತ್ರ. ಇದು ಹೆಸರಿಗಷ್ಟೇ ಹೈಬ್ರಿಡ್, ಖರ್ಚು ವೆಚ್ಚ ಎಲ್ಲಾ ಪೆಟ್ರೋಲ್ ಗಾಡೀದೇ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್, 1490 ಸಿಸಿ ಮೂರು ಸಿಲಿಂಡರ್, ಅದಕ್ಕೊಂದು ಗಾಡಿ ಎಳೆಯೋ ಕರೆಂಟಿನ ಮೋಟಾರು, ಮೈಲೇಜು 27.97 ಅಂತ ಪೇಪರ್ ಮ್ಯಾಲೆ ಅದ. ನಿಮ್ಮ ಅಳಿಯ ಅಂಜಿದ್ದು ಎರಡನೇದಕ್ಕ, ನಾನೂ ಅದರದೇ ಹೇಳ್ತೀನಿ.

ಸರ್ವಿಸಿಂದು ಜಲ್ದಿ ಮುಗಿಸ್ತೀನಿ. ಇಂಜಿನ್ ಆಯಿಲು, ಆಯಿಲ್ ಫಿಲ್ಟರು, ಏರ್ ಫಿಲ್ಟರು, ಬ್ರೇಕ್ ಆಯಿಲು, ಪೆಟ್ರೋಲ್ ಗಾಡಿಗೂ ಹೈಬ್ರಿಡ್‌ಗೂ ಅವೇ, ಸರ್ವಿಸ್ 10,000 ಕಿಮೀ ಇಲ್ಲಾ ಒಂದು ವರ್ಷಕ್ಕೊಮ್ಮೆ. ಹೈಬ್ರಿಡ್‌ಗೆ ಮ್ಯಾಲಿಂದು ಅಂದ್ರ ಇನ್ವರ್ಟರಿನ (ಬ್ಯಾಟರಿ ಕರೆಂಟನ್ನ ಮೋಟಾರಿಗಿ ಹೊಂದಿಸಿ ಕೊಡೋದು) ಕೂಲೆಂಟು, ದೊಡ್ಡ ಬ್ಯಾಟರಿ ಚೆಕ್ಕಿಂಗು, ಅದರ ಫ್ಯಾನಿನ ಫಿಲ್ಟರ್ ಸ್ವಚ್ಛ ಮಾಡೂದು. ಆದ್ರ ಅದ್ರಾಗ ಏನೇನಿಲ್ಲ ಅಂತ ಬಿ ನೋಡ್ರಿ, ಕ್ಲಚ್ ಪ್ಲೇಟ್ ಇಲ್ಲ, ಬ್ಯಾರೆ ಸ್ಟಾರ್ಟರ್ ಮೋಟಾರ್ ಇಲ್ಲ, ಡೈನಮೋ ಇಲ್ಲ, ಎಸಿ ಕಂಪ್ರೆಸರ್ ಕರೆಂಟಿನ ಮ್ಯಾಲೇ ಓಡ್ತದ. ಬ್ರೇಕ್ ಒತ್ತಿದಾಗ ಮೊದಲು ಮೋಟಾರೇ ಗಾಡಿ ಎಳೆದು ಹಿಡಿದು ಅದನ್ನ ಕರೆಂಟ್ ಮಾಡಿ ಬ್ಯಾಟರಿಗಿ ತುಂಬ್ತದ, ಹಂಗಾಗಿ ಬ್ರೇಕ್ ಪ್ಯಾಡು ಭಾಳ ದಿನ ಬಾಳಿಕಿ ಬರ್ತಾವ. ನೀವು ಎರಡು ಸಲ ಕ್ಲಚ್ಚಿಗಿ ಎಷ್ಟು ಕೊಟ್ಟೀರಿ ನೆನಪು ಮಾಡ್ಕೋರಿ.

ಈಗ ಬ್ಯಾಟರಿ. ಟೊಯೋಟಾದ ಹೈಬ್ರಿಡ್ ಗಾಡಿ ಪ್ರಿಯಸ್ ಮೊದಲು ಜಪಾನಿನಾಗ ರೋಡಿಗಿಳಿದಿದ್ದು 1997ರಾಗ, ಅಂದ್ರ ಇದೇನು ನಿನ್ನೆ ಮೊನ್ನೆ ಹುಟ್ಟಿದ ಮಾಲಲ್ಲ. ಟೊಯೋಟಾದವ್ರು ಹೈಬ್ರಿಡ್ ಬ್ಯಾಟರಿಗಿ 8 ವರ್ಷ ಇಲ್ಲಾ 1,60,000 ಕಿಮೀ, ಯಾವುದು ಮೊದಲು ಬರ್ತದೋ ಅಲ್ಲಿತನ ವಾರಂಟಿ ಕೊಡ್ತಾರ. ವಾರಂಟಿ ಮುಗಿದ ಮ್ಯಾಲೆ ಹೋಯ್ತಂದ್ರ ಖರ್ಚು ದೊಡ್ಡದೇ, ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ಪೂರಾ ಎಲೆಕ್ಟ್ರಿಕ್ ಗಾಡಿ ಬ್ಯಾಟರಿ ಅಲ್ರಿ, ಹೈರೈಡರಿಂದು ಒಂದು ಯೂನಿಟ್ ಕರೆಂಟು ಬಿ ಹಿಡಿಯಂಗಿಲ್ಲ, 0.76 ಯೂನಿಟ್ ಅಷ್ಟೇ. ನಮ್ಮ ಕಡಿ ಅದಕ್ಕ ಖರೇ ವೈರಿ ಅಂದ್ರ ಬಿಸಿಲು ಮತ್ತ ಧೂಳ. ಮೇ ತಿಂಗಳದಾಗ 42-43 ಡಿಗ್ರಿ, ಮ್ಯಾಲೆ ಕರಿ ಮಣ್ಣಿನ ಧೂಳ, ಬ್ಯಾಟರಿ ತಂಪು ಮಾಡೋ ಗಾಳಿ ಒಳಗಿನ ಸೀಟಿನ ಕಡಿಯಿಂದ ಎಳ್ಕೋತದ, ಅಲ್ಲಿ ಜಾಳಗಿ ಕಿಂಡಿ ಇರ್ತದ, ಅದರ ಮುಂದ ತೊಗರಿ ಸ್ಯಾಂಪಲ್ ಚೀಲ ಇಟ್ರಿ ಇಲ್ಲಾ ಗಾಣಗಾಪುರಕ್ಕ ಹೋಗುವಾಗ ಹಾಸಿಗಿ ಗಂಟು ಒತ್ತಿಟ್ರಿ ಅಂದ್ರ ಬ್ಯಾಟರಿ ಉಸಿರು ಕಟ್ತದ. ಆ ಫಿಲ್ಟರನ್ನ ಸರ್ವಿಸಿಗಿ ಕೊಟ್ಟಾಗೆಲ್ಲಾ ಬಿಚ್ಚಿಸಿ, ಎದುರಿಗೇ ನಿಂತು ನೋಡ್ರಿ. ಇನ್ನೊಂದು, ತೊಗರಿ ಗೋದಾಮಿನ ಹತ್ರ ನಿಲ್ಸ್ತೀರಿ ಅಂದ್ರ ಇಲಿ ಇದ್ದೇ ಇರ್ತಾವ, ಇಲಿ ವೈರ್ ಕಡದ್ರ ಯಾವ ಗಾಡಿಗಾದ್ರೂ ತ್ರಾಸು, ಹೈಬ್ರಿಡ್‌ಗೆ ಇನ್ನೂ ಜಾಸ್ತಿ, ಯಾಕಂದ್ರ ಕೇಸರಿ ಬಣ್ಣದ ವೈರುಗಳಾಗ ಹೈ ವೋಲ್ಟೇಜ್ ಅದ, ಹುಮನಾಬಾದ್ ಬೇಸಿನ ನಮ್ಮ ಹಳೇ ಮಿಸ್ತ್ರಿ ಎಷ್ಟೇ ಜಾಣ ಇದ್ರೂ ಅದಕ್ಕ ಕೈ ಹಚ್ಚಿಸಬ್ಯಾಡ್ರಿ. ಇಲ್ಲೇ ಹೈಬ್ರಿಡ್ ಗಾಡಿಯವ್ರಿಗಿ ತುಟ್ಟಿ ಬೀಳೋದು ನನ್ನ ಪ್ರಕಾರ. ಸಣ್ಣ ಪುಟ್ಟ ಕೆಲಸ ಅರ್ಧ ರೇಟಿನಾಗ ಹೊರಗ ಮುಗಿಸೋ ಸವಲತ್ತು ಕಮ್ಮಿ ಆಗ್ತದ, ಏನಿದ್ರೂ ಕಂಪನಿ ಬಾಗಲಕೇ ಹೋಗ್ಬೇಕು.

ಇನ್ಶೂರೆನ್ಸ್‌ನಾಗ ಒಂದು ತಮಾಷಿ ಅದ. 2022ರ ಜೂನ್ 1ರಿಂದ ಹೈಬ್ರಿಡ್‌ಗೆ ಥರ್ಡ್ ಪಾರ್ಟಿ ಪ್ರೀಮಿಯಂನಾಗ 7.5 ಪರ್ಸೆಂಟ್ ಕಡಿಮಿ. ಆವಾಗಿನ ರೇಟಿನಾಗ 1000ದಿಂದ 1500 ಸಿಸಿ ಗಾಡಿಗಿ 3,416 ರೂಪಾಯಿ, ಅದ್ರಾಗ ಉಳಿಯೋದು 256. ಗಾಡಿ ಕಿಮ್ಮತ್ತು ಜಾಸ್ತಿ ಇದ್ದಿದ್ದಕ್ಕ ಉಳಿದ ಪ್ರೀಮಿಯಂ ಏರಿ ಅದನ್ನೂ ನುಂಗಿ ನೀರು ಕುಡಿತದ.

ಹಂಗಾದ್ರ ಮೇಂಟೆನೆನ್ಸ್ ಬಿಟ್ಟು ಎಲ್ಲಿ ನೋಡ್ಬೇಕು? ನಿಮ್ಮ ರೋಡ್ ನೋಡ್ರಿ. ಕಲಬುರಗಿ-ಹೈದ್ರಾಬಾದ್ ಸುಮಾರು 220 ಕಿಮೀ, ಹೋಗಿ ಬಂದು 440, ವರ್ಷಕ್ಕ 23 ಸಾವಿರ ಆಯ್ತು, ಊರಾಗಿಂದು ಐದು ಸಾವಿರ, ಒಟ್ಟು 28,000 ಹಿಡಿಯೋಣ. ಹೈಬ್ರಿಡ್ ಜಾದೂ ನಿಂತು ನಿಂತು ಹೋಗೋ ಟ್ರಾಫಿಕ್ಕಿನಾಗ, ಹೈವೇದಾಗ ನೂರರ ಸ್ಪೀಡಿನಾಗ ಇಂಜಿನ್ನೇ ಓಡ್ತದ. ನಿಮ್ಮಂಥ ಓಡಾಟಕ್ಕ ಪೆಟ್ರೋಲ್ ಗಾಡಿ 16, ಹೈಬ್ರಿಡ್ 20 ಕೊಟ್ಟಿತು ಅನ್ನೋಣ (ಇದು ನನ್ನ ಅಂದಾಜು, 27.97 ನಂಬಿ ಲೆಕ್ಕ ಹಾಕಬ್ಯಾಡ್ರಿ). 1,750 ಲೀಟರ್ ಬದ್ಲಿ 1,400. ಲೀಟರಿಗಿ 103 ಹಿಡಿದ್ರ ವರ್ಷಕ್ಕ 36 ಸಾವಿರ ಉಳೀತು. ಗಾಡಿ ರೇಟಿನಾಗ ಮೂರು ಲಕ್ಷ ಫರಕ್ ಇದ್ರ ಅದು ವಸೂಲಾಗಾಕ ಎಂಟು ವರ್ಷದ ಮ್ಯಾಲೆ ಬೇಕು, ಅಷ್ಟೊತ್ತಿಗಿ ಬ್ಯಾಟರಿ ವಾರಂಟಿನೂ ಮುಗಿದಿರ್ತದ! ಅದೇ 28,000 ಬೆಂಗಳೂರು, ಹೈದ್ರಾಬಾದ್ ಟ್ರಾಫಿಕ್ಕಿನಾಗೇ ಓಡ್ಸೋರಿಗಿ ಪೆಟ್ರೋಲ್ 12 ಕೊಟ್ರ ಹೈಬ್ರಿಡ್ 20 ಕೊಡ್ತದ ಅಂತ ಹಿಡೀರಿ, 96 ಸಾವಿರ ಉಳಿತಾವ, ಮೂರು ವರ್ಷ ಚಿಲ್ಲರಿಯಾಗ ರೊಕ್ಕ ವಾಪಸ್.

ಡೀಸೆಲ್ ಬಿ ಲೆಕ್ಕ ಹಾಕೇ ನೋಡಿದೆ, 18ರ ಮೈಲೇಜು, ಲೀಟರಿಗಿ 91, ವರ್ಷಕ್ಕ 1,41,600. ಹೈಬ್ರಿಡ್‌ದು 1,44,200. ಬರೋಬ್ಬರಿ ಸಮ. ಈಗಿನ ಬಿಎಸ್6 (ಹೊಗಿ ಕಮ್ಮಿ ಮಾಡೋ ಸರ್ಕಾರಿ ನಿಯಮ) ಡೀಸೆಲ್‌ನಾಗ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇರ್ತದ, ಬರೇ ಗಂಜು-ಮನಿ ಓಡ್ಸಿದ್ರ ಅದು ಕಟ್ಕೋತದ, ಆದ್ರ ನೀವು ವಾರ ವಾರ ಹೈದ್ರಾಬಾದ್ ರೋಡ್ ತೋರಿಸ್ತೀರಿ, ಮಸಿ ತಾನೇ ಸುಟ್ಟು ಹೋಗ್ತದ. ನಾ ನಿಮ್ಮ ಜಾಗದಾಗ ಇದ್ರ ಡೀಸೆಲ್‌ಗೇ ಕೈ ಹಾಕ್ತಿದ್ದೆ. ಕ್ಲಚ್ ಒತ್ತಿ ಒತ್ತಿ ಮೊಣಕಾಲು ನೋಯ್ತಾವ ಅನ್ನೋದಾದ್ರ ಆಟೋಮ್ಯಾಟಿಕ್ ತಗೋರಿ.

ಪ್ರಶ್ನೆ: ಬೀದರಿನಾಗ ನನಗೊಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸಿಕ್ಕದ, ಮೂರು ವರ್ಷದ್ದು, 70 ಸಾವಿರ ಓಡ್ಯದ. ತಗೋಬಹುದಾ?

ಉತ್ತರ: ಮ್ಯಾಲೆ ಹೇಳಿದ 8 ವರ್ಷದ ಬ್ಯಾಟರಿ ವಾರಂಟಿ ಇದ್ದ ಗಾಡಿ ಆದ್ರ ಅದು ಇನ್ನೂ ಅರ್ಧದ ಮ್ಯಾಲೆ ಉಳಿದದ, ಆದ್ರ ಮಾರೋರ ಬಾಯಿ ಮಾತಿನ ಮ್ಯಾಲೆ ಹೋಗಬ್ಯಾಡ್ರಿ. ಎಲ್ಲಾ ಸರ್ವಿಸ್ ಕಂಪನಿಯಾಗೇ ಆಗ್ಯದೇನು, ವಾರಂಟಿ ನಿಮ್ಮ ಹೆಸರಿಗಿ ಬರ್ತದೇನು, ಎರಡೂ ಬರವಣಿಗಿಯಾಗ ತಗೋರಿ. ಸರ್ವಿಸ್ ಸೆಂಟರಿಗಿ ಒಯ್ದು ಬ್ಯಾಟರಿ ಹೆಲ್ತ್ ರಿಪೋರ್ಟ್ ತೆಗೆಸ್ರಿ, ಅದಕ್ಕ ಒಪ್ಪಲಿಲ್ಲಂದ್ರ ಗಾಡಿ ಅಲ್ಲೇ ಬಿಟ್ಟು ಬರ್ರಿ.

ಪ್ರಶ್ನೆ: ಯಾದಗಿರಿಯಿಂದ. ತಿಂಗಳು ಊರಾಗ ಇರಲಿಲ್ಲ, ಬಂದು ನೋಡಿದ್ರ ಹೈಬ್ರಿಡ್ ಗಾಡಿ ಚಾಲೂನೇ ಆಗವಲ್ದು. ದೊಡ್ಡ ಬ್ಯಾಟರಿ ಹೋಯ್ತೇನ್ರಿ?

ಉತ್ತರ: ಅಂಜಬ್ಯಾಡ್ರಿ, ನೂರಕ್ಕ ತೊಂಬತ್ತು ಪಾಲು ಅದು ಸಾದಾ 12 ವೋಲ್ಟಿನ ಬ್ಯಾಟರಿ ಕೂತಿರೋದು. ಹೈಬ್ರಿಡ್‌ನಾಗೂ ಅದೊಂದು ಇರ್ತದ, ಅದು ಸತ್ರ ದೊಡ್ಡದು ತುಂಬಿದ್ರೂ ಗಾಡಿ ಏಳಂಗಿಲ್ಲ. ಗಾಡಿ ಪುಸ್ತಕದಾಗ ತೋರಿಸಿದ ಜಾಗಕ್ಕೇ ಜಂಪರ್ (ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಡೋ ವೈರು) ಹಚ್ಚಿಸ್ರಿ. ಮುಂದ ಹಂಗ ಬಿಟ್ಟು ಹೋಗೋದಿದ್ರ ಮನಿಯಾಗ ಯಾರಿಗಾರ ಹೇಳಿ ವಾರಕ್ಕೊಮ್ಮೆ ಗಾಡಿ ಚಾಲೂ ಮಾಡಿ, ಮೀಟರಿನಾಗ ರೆಡಿ ಲೈಟ್ ಹತ್ತಿಸಿ ಅರ್ಧ ತಾಸು ನಿಲ್ಲಿಸಾಕ ಹೇಳ್ರಿ, ಗೇರ್ ಪಿ (ಪಾರ್ಕಿಂಗ್) ಒಳಗೇ ಇರ್ಲಿ, ನ್ಯೂಟ್ರಲ್‌ನಾಗ ಇಟ್ರ ದೊಡ್ಡ ಬ್ಯಾಟರಿ ಚಾರ್ಜ್ ಆಗಂಗಿಲ್ಲ. ಶೆಡ್ಡಿನ ಬಾಗಲ ಮಾತ್ರ ತೆರೆದಿಟ್ಟಿರಬೇಕು, ಹೊಗಿ ಒಳಗ ತುಂಬ್ತದ.