ದುಬೈಗೆ ವಾಲ್ವ್ ಕಳಿಸೋಕೆ ಲೈಸೆನ್ಸ್ ಬೇಕಾ? ಯಾವ ದೇಶಗಳಿಗೆ ಕಳಿಸಬಾರದು ಅನ್ನೋ ಪಟ್ಟಿ ಎಲ್ಲಿ ಸಿಗುತ್ತೆ?

ಹುಬ್ಬಳ್ಳಿಯ ತಾರಿಹಾಳದಲ್ಲಿ ಸಣ್ಣ ಯುನಿಟ್, ಮೊದಲ ಎಕ್ಸ್‌ಪೋರ್ಟ್ ಆರ್ಡರ್, ದುಬೈ ಟ್ರೇಡರ್, "ವಾಲ್ವ್‌ಗೆ ಏನೂ ಬೇಡ" ಅನ್ನೋ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡೋ ಏಜೆಂಟ್). ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಚುರುಕ್ ಅಂತು. ಗೋಕುಲ ರೋಡಿನ ನನ್ನ ಶೆಡ್ಡಿನಲ್ಲಿ ನಡೆದದ್ದೂ ಇದೇ.

ನಾವು ಮೊದಲು ಇಲ್ಲಿನ ದೊಡ್ಡ ವಾಲ್ವ್ ಕಂಪನಿಗಳಿಗೆ ಜಾಬ್ ವರ್ಕ್ ಮಾಡುತ್ತಿದ್ದೆವು. ಆಮೇಲೆ ಸ್ವಂತ ಹೆಸರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ 316ರ ಬಾಲ್ ವಾಲ್ವ್ ಶುರು ಮಾಡಿದೆವು. ಗಲ್ಫ್‌ಗೆ ಕಳಿಸಿದಾಗ ಯಾರೂ ಏನೂ ಕೇಳಲಿಲ್ಲ. ಧೈರ್ಯ ಬಂತು. ಅದೇ ದುಬೈ ಟ್ರೇಡರ್ ಮುಂದೆ ಎರಡಿಂಚಿನ ಪಿಎಫ್‌ಎ ಲೈನ್ಡ್ ವಾಲ್ವ್ ಕೇಳಿದ, ಅಂದರೆ ಒಳಗೆಲ್ಲ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಪದರ ಇರೋದು. ರೇಟ್ ಚೆನ್ನಾಗಿತ್ತು. ಲೈನಿಂಗ್ ಹೊರಗೆ ಮಾಡಿಸಿ, ಟೆಸ್ಟಿಂಗ್ ನಮ್ಮಲ್ಲೇ ಮುಗಿಸಿ ಪ್ಯಾಕ್ ಮಾಡಿದೆವು.

ತಪ್ಪು ಆದದ್ದು ಇಲ್ಲಿ. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ವಾಲ್ವ್‌ನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಮಾಲು ಗುರುತಿಸೋ ಸಂಖ್ಯೆ, 8481. ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ ಅದರ ಮುಂದೆ 'ಫ್ರೀ' ಅಂತ ಇರುತ್ತೆ. ಫ್ರೀ ಅಂದರೆ ಲೈಸೆನ್ಸ್ ಬೇಡ ಅಂತ ನಾನು ತಿಳಿದೆ. ಆದರೆ ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ಸ್ಕೊಮೆಟ್ ಪಟ್ಟಿ, ಅಂದರೆ ಅಸ್ತ್ರಕ್ಕೂ ಬಳಸಬಹುದಾದ ಮಾಲಿನ ಪಟ್ಟಿ, ಬೇರೇನೇ ಇದೆ. ಅದು ಎಚ್‌ಎಸ್ ಕೋಡ್ ನೋಡೋದಿಲ್ಲ, ಮಾಲಿನ ಗುಣ ನೋಡುತ್ತೆ. ರಾಸಾಯನಿಕ ಅಸ್ತ್ರದ ಕಾರ್ಖಾನೆಗೂ ಒದಗಬಹುದಾದ ವಾಲ್ವ್, ಪಂಪ್, ರಿಯಾಕ್ಟರ್ ಎಲ್ಲ ಅದರ 3ನೇ ವರ್ಗದಲ್ಲಿವೆ. ವಾಲ್ವ್ 10 ಮಿ.ಮೀ.ಗಿಂತ ದೊಡ್ಡದಾ? ಕೆಮಿಕಲ್ ತಾಗೋ ಭಾಗವೆಲ್ಲ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್, ಗಾಜು, ಟೈಟಾನಿಯಂ ಅಥವಾ ಶೇ. 40ಕ್ಕಿಂತ ಜಾಸ್ತಿ ನಿಕಲ್ ಇರೋ ಲೋಹದ್ದಾ? ಹಾಗಿದ್ದರೆ ಲೈಸೆನ್ಸ್ ಬೇಕು. ಹ್ಯಾಸ್ಟೆಲಾಯ್, ಮೋನೆಲ್ ಎರಡೂ ಇದರಲ್ಲೇ ಬರುತ್ತವೆ. ಶೇ. 25ಕ್ಕಿಂತ ಹೆಚ್ಚು ನಿಕಲ್ ಜೊತೆಗೆ ಶೇ. 20ಕ್ಕಿಂತ ಹೆಚ್ಚು ಕ್ರೋಮಿಯಂ ಇರೋ ಮಿಶ್ರಲೋಹಗಳೂ ಅಷ್ಟೇ. 316ರಲ್ಲಿ ನಿಕಲ್ 10ರಿಂದ 14, ಕ್ರೋಮಿಯಂ 16ರಿಂದ 18. ಹಾಗಾಗಿ ನನ್ನ ಹಳೆಯ ಮಾಲು ಸಲೀಸಾಗಿ ಹೋಗಿತ್ತು. ಸೀಟ್ ಮಾತ್ರ ಟೆಫ್ಲಾನ್ ಇದ್ದರೂ ಪರವಾಗಿಲ್ಲ, ಬಾಡಿ ಲೋಹದ್ದೇ ಅಲ್ವಾ. ಒಳಗೆಲ್ಲ ಲೈನಿಂಗ್ ಕೂತಿತು ಅಂದರೆ ಲೆಕ್ಕ ಬದಲಾಗುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣದ ವಾಲ್ವ್.

ಸಿಎಚ್‌ಎ ಒಂದು ಡಿಕ್ಲರೇಷನ್ ಕಳಿಸಿದ. ಈ ಮಾಲು ಸ್ಕೊಮೆಟ್‌ನಲ್ಲಿ ಬರೋದಿಲ್ಲ ಅಂತ ಅದರಲ್ಲಿತ್ತು. "ಎಲ್ಲಾರೂ ಇದನ್ನ ಹಾಕ್ತಾರ್ರೀ ಸರ, ಸೈನ್ ಮಾಡಿ ಕಳಸ್ರಿ" ಅಂದ. ಮಾಡಿದೆ. ಸೀಲ್ ಕೂಡ ಒತ್ತಿದೆ. ಮುಂಬೈ ಹತ್ತಿರದ ನಾವಾ ಶೇವಾ ಬಂದರಿನಲ್ಲಿ ಒಬ್ಬ ಕಸ್ಟಮ್ಸ್ ಅಧಿಕಾರಿ ಡೇಟಾ ಶೀಟ್ ಕೇಳಿದರು. ಅದರಲ್ಲಿ ಲೈನಿಂಗ್ ವಿಷಯ ದಪ್ಪಕ್ಷರದಲ್ಲೇ ಇತ್ತು, ನಾನೇ ಹಾಕಿಸಿದ್ದು. ಮಾಲು ನಿಂತಿತು. ಸಿಎಚ್‌ಎ ಮೇಲೆ ರೇಗಾಡಿ ಏನೂ ಉಪಯೋಗವಿಲ್ಲ, ಸಹಿ ನನ್ನದು.

ಡಿಜಿಎಫ್‌ಟಿಗೆ ಅರ್ಜಿ ಹಾಕೋಣ ಅಂದರೆ ಎಂಡ್ ಯೂಸ್ ಸರ್ಟಿಫಿಕೇಟ್ ಬೇಕು. ವಾಲ್ವ್ ಕೊನೆಗೆ ಯಾವ ಪ್ಲಾಂಟಿನಲ್ಲಿ ಕೂರುತ್ತೆ, ಯಾತಕ್ಕೆ, ಅದನ್ನು ಆ ಪ್ಲಾಂಟಿನವರೇ ಬರೆದು ಸಹಿ ಹಾಕಿ ಕೊಡಬೇಕು. ಟ್ರೇಡರ್ ಹೆಸರೇ ಬಿಡಲಿಲ್ಲ. ಹೇಳಿದರೆ ನಾನು ನೇರವಾಗಿ ಮಾರುತ್ತೇನೆ ಅಂತ ಅವನ ಭಯ. ನಿಜವಾಗಿ ಅದಷ್ಟೇನಾ, ಇನ್ನೇನಾದರೂ ಇತ್ತಾ, ಇವತ್ತಿಗೂ ನನಗೆ ಅನುಮಾನ. ಅಡ್ವಾನ್ಸ್ ಡಾಲರ್ ಬೇರೆ ಯಾವುದೋ ಕಂಪನಿಯ ಹೆಸರಿನಿಂದ ಬಂದಿತ್ತು. ಆಗ ಅದು ನನಗೆ ವಿಚಿತ್ರ ಅನ್ನಿಸಲೂ ಇಲ್ಲ. ಬ್ಯಾಂಕಿನವರು ಕೇಳಿದಾಗ ತಬ್ಬಿಬ್ಬಾದೆ. ಕೊನೆಗೆ ಆರ್ಡರ್ ರದ್ದಾಯ್ತು, ಮಾಲು ಬಂದರಿನಲ್ಲಿ ನಿಂತದ್ದಕ್ಕೆ ಡೆಮರೇಜ್ ಕಟ್ಟಿ ವಾಪಸ್ ತರಿಸಿದೆ. ಆ ವರ್ಷದ ಲಾಭವೆಲ್ಲ ಅದಕ್ಕೇ ಹೋಯ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಯಾವ ದೇಶ' ಅಂತ ಕೇಳೋದೇ ಸರಿಯಲ್ಲ. ಮೊದಲು ಮಾಲು ಏನು, ಆಮೇಲೆ ಕೊನೆಗೆ ಬಳಸುವವರು ಯಾರು, ದೇಶ ಆಮೇಲೆ. ದುಬೈ ಅಂತೂ ಬಹಳ ಸಲ ದಾರಿ ಮಧ್ಯದ ಸ್ಟಾಪ್ ಅಷ್ಟೇ. ಇಷ್ಟಕ್ಕೂ ವಾಲ್ವ್‌ಗೆ ಇಷ್ಟು ಕಾವಲು ಯಾಕೆ ಅಂದರೆ, ಇರಾನ್-ಇರಾಕ್ ಯುದ್ಧದಲ್ಲಿ ರಾಸಾಯನಿಕ ಅಸ್ತ್ರ ಬಳಕೆಯಾಯ್ತು, ಅದರ ಸಾಮಾನಿನಲ್ಲಿ ಒಂದಿಷ್ಟು ಮಾಮೂಲಿ ವ್ಯಾಪಾರದಲ್ಲೇ ಕೊಂಡದ್ದು ಅಂತ ಗೊತ್ತಾಯ್ತು. ಹಾಗಾಗಿ ಇಂಥ ಮಾಲಿನ ಎಕ್ಸ್‌ಪೋರ್ಟ್ ಮೇಲೆ ಕಣ್ಣಿಡೋ ದೇಶಗಳ ಕೂಟ, ಆಸ್ಟ್ರೇಲಿಯಾ ಗ್ರೂಪ್, 1985ರಲ್ಲಿ ಹುಟ್ಟಿತು. ಭಾರತ ಅದಕ್ಕೆ ಸೇರಿದ್ದು 2018ರಲ್ಲಿ. ಯುಎಇ ಅದರಲ್ಲಿಲ್ಲ. ಸ್ಕೊಮೆಟ್ ಪಟ್ಟಿಯಲ್ಲಿಲ್ಲದ ಮಾಲೇ ಆದರೂ, ಅದು ಅಂಥ ಅಸ್ತ್ರಕ್ಕೆ ಅಂತ ಗೊತ್ತಿದ್ದೂ ಕಳಿಸಿದರೆ ಸಾಮೂಹಿಕ ವಿನಾಶದ ಅಸ್ತ್ರಗಳ ಬಗೆಗಿನ 2005ರ ಕಾಯ್ದೆ ಬಿಡೋದಿಲ್ಲ.

ಅಮೆರಿಕದ ನಿರ್ಬಂಧ ನಮಗೇಕೆ ಅಂತಲೂ ಕೇಳಿದ್ದೀರಿ. ಕಾನೂನಿನ ಪ್ರಕಾರ ನಮ್ಮನ್ನು ಕಟ್ಟಿಹಾಕೋದು ವಿಶ್ವಸಂಸ್ಥೆಯ ನಿರ್ಬಂಧ, ಅಮೆರಿಕದ್ದಲ್ಲ. ಆದರೆ ಡಾಲರ್ ಅಮೆರಿಕದ ಬ್ಯಾಂಕು ದಾಟಿಯೇ ಬರಬೇಕು. 2024ರ ಅಕ್ಟೋಬರ್‌ನಲ್ಲಿ ರಷ್ಯಾ ವಿಷಯಕ್ಕೆ ಅಮೆರಿಕ ಸುಮಾರು 400 ಹೆಸರುಗಳನ್ನು ಪಟ್ಟಿಗೆ ಹಾಕಿದಾಗ ಅದರಲ್ಲಿ ಭಾರತದ 19 ಕಂಪನಿಗಳಿದ್ದವು. ಅಮೆರಿಕದ ಆ ಪಟ್ಟಿಯಲ್ಲಿ ಹೆಸರು ಹುಡುಕೋಕೆ ದುಡ್ಡು ಕೊಡಬೇಕಿಲ್ಲ, ವಿಶ್ವಸಂಸ್ಥೆಯದ್ದಕ್ಕೂ ಅಷ್ಟೇ. ಕೊಳ್ಳೋ ಕಂಪನಿಯ ಹೆಸರಷ್ಟೇ ಹಾಕಿ ಸುಮ್ಮನಾಗಬೇಡಿ, ಮಾಲೀಕರ ಹೆಸರೂ ಹಾಕಿ. ಪಟ್ಟಿಯಲ್ಲಿರೋರ ಪಾಲು ಒಟ್ಟು ಶೇ. 50 ಮುಟ್ಟಿದರೆ, ಕಂಪನಿಯ ಹೆಸರು ಅಲ್ಲಿಲ್ಲದಿದ್ದರೂ ಅಮೆರಿಕದ ಲೆಕ್ಕದಲ್ಲಿ ಅದೂ ನಿರ್ಬಂಧದಲ್ಲೇ ಇದ್ದ ಹಾಗೆ.

ಕನ್ಸಲ್ಟೆಂಟ್ ಇಡಬೇಕಾ ಅಂದರೆ, ನನ್ನ ಪ್ರಕಾರ ಈಗಲೇ ಬೇಡ. ನಿಮ್ಮ ಮಾಲಿನ ಒಳಮೈ ಯಾವುದರದ್ದು ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರೋದಿಲ್ಲ. ಡ್ರಾಯಿಂಗ್ ಒಂದು ಕೈಯಲ್ಲಿ, ಸ್ಕೊಮೆಟ್ 3ನೇ ವರ್ಗ ಇನ್ನೊಂದು ಕೈಯಲ್ಲಿ ಹಿಡಿದು ಕೂತುಕೊಳ್ಳಿ. ಪಟ್ಟಿಗೆ ಬರದಿದ್ದರೆ ಯಾಕೆ ಬರೋದಿಲ್ಲ ಅಂತ ಒಂದು ಹಾಳೆ ಬರೆದು ಫೈಲಿಗೆ ಹಾಕಿ. ಬಂದರೆ ಎಂಡ್ ಯೂಸರ್ ಹೆಸರು ಕೇಳಿ. ಕೊಡದಿದ್ದರೆ ಆರ್ಡರ್ ಬಿಡಿ, ರೇಟ್ ಎಷ್ಟೇ ಇರಲಿ. ಕೊಟ್ಟರೆ ಅರ್ಜಿ ಹಾಕಿ, ಹಲವು ಇಲಾಖೆಗಳ ಸಮಿತಿ ನೋಡಬೇಕಾದ್ದರಿಂದ ತಡವಾಗುತ್ತೆ. ಪ್ರೊಫಾರ್ಮಾ ಇನ್ವಾಯ್ಸ್‌ನಲ್ಲಿ ಡೆಲಿವರಿಯ ಲೆಕ್ಕ ಲೈಸೆನ್ಸ್ ಕೈಗೆ ಬಂದ ದಿನದಿಂದ ಶುರು ಅಂತ ಬರೆಸಿ, ಲೈನಿಂಗ್ ಕೆಲಸಕ್ಕೂ ಅಲ್ಲಿವರೆಗೆ ಮಾಲು ಕಳಿಸಬೇಡಿ.