ಭಾಷೆ ಕಲಿಸುವವರ ಪ್ರಶ್ನೆ, ಜರ್ಮನ್ ಮೇಡಂ ಉತ್ತರ

ಹೋದ ಸಂಚಿಕೆಯಲ್ಲಿ ‘ವಿದೇಶಿ ಭಾಷೆ ಕಲಿಸುವವರು ನಿಮ್ಮ ಕ್ಲಾಸಿನ ಕಷ್ಟಸುಖ ಬರೆಯಿರಿ’ ಎಂದು ಕೇಳಿದ್ದೆ. ಮೂಟೆಗಟ್ಟಲೆ ಪತ್ರ ಬಂತು ಎಂದು ಬುರುಡೆ ಬಿಡುವುದಿಲ್ಲ. 11 ಬಂದಿವೆ, ಆರಕ್ಕೆ ಇಲ್ಲಿ ಉತ್ತರ ಇದೆ. ನಾನು ಬೆಂಗಳೂರಿನಲ್ಲಿ 27 ವರ್ಷ ಜರ್ಮನ್ ಕಲಿಸಿದವಳು. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಜರ್ಮನ್‌ನವೇ. ಫ್ರೆಂಚ್, ಜಪಾನಿ ಕಲಿಸುವವರು ತಮ್ಮ ಅಳತೆಗೆ ಹೊಲಿದುಕೊಳ್ಳಿ.

ಪ್ರಶ್ನೆ: ಜರ್ಮನಿಗೆ ಹೊರಟಿರುವ ನರ್ಸ್‌ಗಳಿಗೆ ಕಲಿಸುತ್ತೇನೆ. 20 ಜನರಲ್ಲಿ ಮುಕ್ಕಾಲು ಪಾಲು ಕನ್ನಡ ಮೀಡಿಯಂನಲ್ಲಿ ಓದಿದವರು. ‘ಕ್ಲಾಸಲ್ಲಿ ಕನ್ನಡ ಕೇಳಿಸಬಾರದು, ಜರ್ಮನ್ ಇಲ್ಲಾ ಇಂಗ್ಲಿಷ್’ ಅಂತ ನಮ್ಮ ಸಂಸ್ಥೆಯವರು ಹೇಳಿದ್ದಾರೆ. ಚತುರ್ಥಿ ವಿಭಕ್ತಿಯ ಪಾಠ ಬಂದಾಗ ಎಲ್ಲರೂ ಕಂಗಾಲು. ಏನು ಮಾಡಲಿ ಮೇಡಂ?
*— ಶಿಕ್ಷಕಿ, ಹುಬ್ಬಳ್ಳಿ*

ಚತುರ್ಥಿಗೆ ಕಂಗಾಲಾಗಬೇಕಾದವರು ಇಂಗ್ಲಿಷಿನವರು. ನಮಗೇನು? ಚಳಿಯಾದರೆ ನಾವು ‘ನಾನು ಚಳಿ’ ಅನ್ನುತ್ತೇವಾ? ‘ನನಗೆ ಚಳಿ’ ಅನ್ನುತ್ತೇವೆ. ಜರ್ಮನ್ನರೂ ಹಾಗೇ: ‘ಮಿಯರ್ ಇಸ್ಟ್ ಕಲ್ಟ್’. ಮಿಯರ್ ಅಂದರೆ ‘ನನಗೆ’. ತಲೆಸುತ್ತು ಬಂದರೆ ‘ಮಿಯರ್ ಇಸ್ಟ್ ಶ್ವಿಂಡ್ಲಿಶ್’, ನನಗೆ ತಲೆಸುತ್ತು. ಹೊಟ್ಟೆ ತೊಳಸಿದರೆ ‘ಮಿಯರ್ ಇಸ್ಟ್ ಶ್ಲೆಶ್ಟ್’. ‘ನನಗೆ ಇದು ಇಷ್ಟ’ ಅನ್ನುವುದಕ್ಕೂ ಅಲ್ಲಿ ‘ನನಗೆ’ ಹಾಕಿ ಹೇಳುವ ಮಾತಿದೆ: ‘ದಾಸ್ ಗೆಫೆಲ್ಟ್ ಮಿಯರ್’.

ನಿಮ್ಮ ಹುಡುಗಿಯರು ಎಡವುವುದು ನಡುವೆ ಇಂಗ್ಲಿಷ್ ಬಂದು ಕೂತಾಗ. ‘ಐ ಆಮ್ ಕೋಲ್ಡ್’ ಎಂಬುದನ್ನು ಹಾಗೇ ಎತ್ತಿ ‘ಇಶ್ ಬಿನ್ ಕಲ್ಟ್’ ಮಾಡುತ್ತಾರೆ. ಅದು ‘ನಾನು ಕಲ್ಲೆದೆಯವಳು’ ಅಂದ ಹಾಗೆ. ಸೆಖೆಯ ವಿಷಯದಲ್ಲಿ ಇದೇ ತಪ್ಪು ಮಾಡಿದರೆ ಅರ್ಥ ಇನ್ನೂ ಕೆಡುತ್ತದೆ. ಅದನ್ನು ಈ ಪುಟದಲ್ಲಿ ಬರೆಯಲಾರೆ, ನಿಮಗೆ ಗೊತ್ತೇ ಇದೆ.

‘ಯಾಕಂದ್ರೆ’ಯೂ ಅಷ್ಟೇ. ಜರ್ಮನ್‌ನಲ್ಲಿ ‘ವೈಲ್’ ಬಂದ ಕೂಡಲೇ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷ್ ಪುಸ್ತಕಗಳು ಅದಕ್ಕೆ ಎರಡು ಪುಟ ವಿವರಣೆ ಕೊಡುತ್ತವೆ. ‘ಯಾಕಂದ್ರೆ ನಾನು ನಾಳೆ ಊರಿಗೆ ಹೋಗ್ತೀನಿ’. ಎಲ್ಲಿದೆ ಕ್ರಿಯಾಪದ? ಕೊನೆಯಲ್ಲೇ ಅಲ್ವಾ? ಮುಗೀತು.

ಹಾಗಂತ ಇಡೀ ಗಂಟೆ ಕನ್ನಡದಲ್ಲಿ ವ್ಯಾಕರಣ ಕೊರೆಯಬೇಡಿ. ಅದು ಇಂಗ್ಲಿಷಿನಲ್ಲಿ ಕೊರೆಯುವಷ್ಟೇ ಕೆಟ್ಟದ್ದು. ಐದು ನಿಮಿಷ ಕನ್ನಡ, ಉಳಿದದ್ದು ಜರ್ಮನ್. ಸಂಸ್ಥೆಯವರಿಗೆ ಈ ‘ಮಿಯರ್ ಇಸ್ಟ್ ಕಲ್ಟ್’ ಒಂದನ್ನು ಬೋರ್ಡಿನ ಮೇಲೆ ತೋರಿಸಿ. ಒಪ್ಪದಿದ್ದರೆ ಬಾಗಿಲು ಮುಂದೆ ಮಾಡಿಕೊಂಡು ಹೇಳಿಕೊಡಿ.

ಇನ್ನು ಚಟುವಟಿಕೆ. ನರ್ಸ್‌ಗಳಿಗೆ ನಾನು ಮಾಡಿಸುತ್ತಿದ್ದ ಒಂದನ್ನು ಪೂರ್ತಿ ಹೇಳುತ್ತೇನೆ. ಮೂರು ಮೂರು ಜನರ ಗುಂಪು. ಒಬ್ಬಳು ರೋಗಿ. ಅವಳ ಕೈಗೆ ಒಂದು ಚೀಟಿ, ಅದರಲ್ಲಿರುವುದು ಕನ್ನಡ: ‘ನಿನ್ನೆ ರಾತ್ರಿಯಿಂದ ತಲೆಸುತ್ತು. ಎರಡು ಸಲ ವಾಂತಿ. ಬೆಳಗ್ಗೆಯಿಂದ ಬರೀ ಕಾಫಿ. ಪೆನ್ಸಿಲಿನ್ ಆಗುವುದಿಲ್ಲ.’ ಎರಡನೆಯವಳು ನರ್ಸ್. ಜರ್ಮನ್‌ನಲ್ಲಿ ಕೇಳಿ ಕೇಳಿ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಆಮೇಲೆ ಡ್ಯೂಟಿ ಬದಲಾಯಿತು. ಮೂರನೆಯವಳು ಒಳಗೆ ಬರುತ್ತಾಳೆ. ಎರಡನೆಯವಳು ಹಾಳೆ ಮಡಚಿಟ್ಟು ಒಂದು ನಿಮಿಷದಲ್ಲಿ ರೋಗಿಯ ವಿಷಯ ಒಪ್ಪಿಸಬೇಕು. ಮೂರನೆಯವಳು ಕೇಳಿಸಿಕೊಂಡದ್ದನ್ನು ಇಡೀ ಕ್ಲಾಸಿಗೆ ಹೇಳಬೇಕು. ಕೊನೆಗೆ ಮೂಲ ಚೀಟಿ ಓದಿ. ಒಮ್ಮೆ ‘ಎರಡು ಸಲ ವಾಂತಿ’ ಹೋಗಿ ‘ಎರಡು ದಿನ ವಾಂತಿ’ ಆಗಿತ್ತು. ಪೆನ್ಸಿಲಿನ್ ಮಾಯ! ಇಡೀ ಕ್ಲಾಸ್ ನಕ್ಕಿತು, ಆಮೇಲೆ ಸುಮ್ಮನಾಯಿತು. ಅಲ್ಲಿ ಹೋದ ಮೇಲೆ ಇದು ಆಟ ಅಲ್ಲ ಅಂತ ಅವರಿಗೇ ಹೊಳೆದಿತ್ತು.

ಗಡಿಯಾರವನ್ನೂ ಮರೆಯಬೇಡಿ. ‘ಹಲ್ಪ್ ಅಖ್ಟ್’ ಅಂದರೆ ಅರ್ಧ, ಎಂಟು. ಕೇಳಿದವರು ಎಂಟೂವರೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ಏಳೂವರೆ. ‘ಎಂಟಕ್ಕೆ ಇನ್ನೂ ಅರ್ಧ ಗಂಟೆ ಇದೆ’ ಎಂದು ಲೆಕ್ಕ. ಮಾತ್ರೆ ಕೊಡುವ ಕೆಲಸಕ್ಕೆ ಹೋಗುವವರು ಒಂದು ಗಂಟೆ ತಪ್ಪಿದರೆ ಹೇಗೆ?

ಪ್ರಶ್ನೆ: ಏಳನೇ ಕ್ಲಾಸಿನಲ್ಲಿ 45 ಮಕ್ಕಳು, 40 ನಿಮಿಷದ ಪೀರಿಯಡ್. ಮಾತಾಡಿಸೋಣ ಅಂದರೆ ಸಂತೆ ಆಗುತ್ತದೆ. ಪಕ್ಕದ ಕ್ಲಾಸಿನ ಗಣಿತದ ಸರ್ ಎರಡು ಸಲ ದೂರು ಕೊಟ್ಟಿದ್ದಾರೆ. ಸುಮ್ನೆ ಬೋರ್ಡ್ ಮೇಲೆ ಬರೆಸಿಬಿಡಲಾ?
*— ಶಾಲಾ ಶಿಕ್ಷಕ, ಬೆಂಗಳೂರು*

ಬೇಡ ಸರ್. ನಾನು ಅದನ್ನು ಮಾಡಿ ಕೆಟ್ಟವಳು. ಮೊದಲ ಕೆಲಸದಲ್ಲಿ ನಾಲ್ಕು ವಿಭಕ್ತಿ, ಮೂರು ಲಿಂಗ, ಜೊತೆಗೆ ಬಹುವಚನ, ಒಟ್ಟು 16 ಮನೆಯ ಕೋಷ್ಟಕವನ್ನು ಬಣ್ಣದ ಚಾಕ್‌ಪೀಸಿನಲ್ಲಿ ರಂಗೋಲಿ ಹಾಗೆ ಬರೆಯುತ್ತಿದ್ದೆ. ಮಕ್ಕಳು ಒಳ್ಳೆ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದರು. ಕ್ಲಾಸ್ ದೇವಸ್ಥಾನದಷ್ಟು ನಿಶ್ಶಬ್ದ. ನಾಲ್ಕು ತಿಂಗಳಾದ ಮೇಲೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಮಿಸ್, ಬಾತ್‌ರೂಮಿಗೆ ಹೋಗ್ಲಾ ಅಂತ ಜರ್ಮನ್‌ನಲ್ಲಿ ಹೇಗೆ ಕೇಳೋದು?’ ನನ್ನ ಮುಖ ಹೇಗಾಗಿರಬೇಡ!

ನಿಮ್ಮ ಕ್ಲಾಸಿಗೆ ಹೇಳಿ ಮಾಡಿಸಿದ್ದು ‘ನಡೆದಾಡುವ ಡಿಕ್ಟೇಷನ್’. ಇದು ನನ್ನದಲ್ಲ, ಭಾಷೆ ಕಲಿಸುವವರಲ್ಲಿ ಮೊದಲಿನಿಂದ ಇರುವ ಆಟ. ಐದು ಸಾಲಿನ ಒಂದು ಸಣ್ಣ ಕತೆಯನ್ನು ನಾಲ್ಕು ಜೆರಾಕ್ಸ್ ಮಾಡಿಸಿ ನಾಲ್ಕು ಗೋಡೆಗೆ ಅಂಟಿಸಿ. ಒಂದು ಬೆಂಚಿಗೆ ಮೂವರು. ಒಬ್ಬರು ಗೋಡೆ ಹತ್ತಿರ ಹೋಗಿ ಓದಿ, ತಲೆಯಲ್ಲಿ ತುಂಬಿಕೊಂಡು ಬಂದು ಹೇಳಬೇಕು. ಇನ್ನೊಬ್ಬರು ಬರೆಯಬೇಕು. ಮೂರನೆಯವರು ತಪ್ಪು ಹಿಡಿಯಬೇಕು. ಪ್ರತಿ ಸಾಲಿಗೂ ಪಾತ್ರ ಬದಲು. ಓಡುವಂತಿಲ್ಲ, ಬರೆಯುವವರ ಪೆನ್ ಮುಟ್ಟುವಂತಿಲ್ಲ.

ಗಲಾಟೆ? ಇಲ್ಲೇ ಇದೆ ಗುಟ್ಟು. ಇದು ಬೆಂಚು ಬೆಂಚುಗಳ ಸ್ಪರ್ಧೆ ಎಂದು ಮೊದಲೇ ಹೇಳಿಬಿಡಿ. ಗಟ್ಟಿಯಾಗಿ ಹೇಳಿದರೆ ಪಕ್ಕದ ಬೆಂಚಿನವರು ಬಿಟ್ಟಿಯಾಗಿ ಬರೆದುಕೊಳ್ಳುತ್ತಾರೆ. ಹಾಗಾಗಿ ಮಕ್ಕಳು ತಾವೇ ಪಿಸುಗುಟ್ಟುತ್ತಾರೆ. ‘ಸೈಲೆನ್ಸ್’ ಎಂದು ಮೇಜು ಕುಟ್ಟುವ ಕೆಲಸ ಅರ್ಧಕ್ಕರ್ಧ ಕಮ್ಮಿ.

ಒಂದು ವರ್ಷ ಹೀಗೆ ಆಡಿಸುವಾಗ ಕೊನೇ ಬೆಂಚಿನ ಪುಟ್ಟ ಹುಡುಗನೊಬ್ಬ ಮಾತಿನ ನಡುನಡುವೆ ಎರಡೂ ಕೈ ಮೇಲೆತ್ತುತ್ತಿದ್ದ. ಏನಪ್ಪಾ ಇದು, ಕೈ ನೋವಾ ಎಂದು ಹತ್ತಿರ ಹೋದೆ. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡ ಅಕ್ಷರದಿಂದ ಶುರುವಾಗುತ್ತವಲ್ಲ, ಅವನು ‘ಇಲ್ಲಿ ದೊಡ್ಡಕ್ಷರ’ ಎಂದು ಸನ್ನೆ ಮಾಡುತ್ತಿದ್ದ! ಬಾಯಲ್ಲಿ ‘ಗ್ರೋಸ್, ಗ್ರೋಸ್’ ಎಂದು ಪಿಸುಮಾತು ಬೇರೆ. ಆ ಬೆಂಚಿನ ಮೂವರಿಗೂ ಆ ನಿಯಮವನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಗಣಿತದ ಸರ್‌ಗೆ ಯಾವ ದಿನ ಆಟ ಎಂದು ಮುಂಚೆಯೇ ತಿಳಿಸಿ. ಒಂದು ಕಾಫಿ ಕೊಡಿಸಿದರೂ ತಪ್ಪಿಲ್ಲ.

ಪ್ರಶ್ನೆ: 27 ಅಂದರೆ ನನ್ನ ವಿದ್ಯಾರ್ಥಿಗಳು 72 ಬರೆಯುತ್ತಾರೆ. ಪರಿಹಾರ?
*— ದಾವಣಗೆರೆ*

ಜರ್ಮನ್‌ನಲ್ಲಿ ‘ಏಳು-ಮತ್ತು-ಇಪ್ಪತ್ತು’ ಅನ್ನುತ್ತಾರೆ. ಏಳು ಕೇಳಿದ ಕೂಡಲೇ ಪೆನ್ನು ಓಡುತ್ತದೆ, ಅದೇ ತೊಂದರೆ. ಸಂಸ್ಕೃತದ ಸಪ್ತವಿಂಶತಿಯಲ್ಲೂ ಏಳೇ ಮೊದಲು, ಹಿಂದಿಯ ಪಚ್ಚೀಸ್‌ನಲ್ಲೂ ಐದೇ ಮೊದಲು. ಇದು ತಲೆಕೆಳಗು ಭಾಷೆಯೇನಲ್ಲ ಎಂದು ಒಮ್ಮೆ ಹೇಳಿ ಧೈರ್ಯ ತುಂಬಿ. ಆಮೇಲೆ ಹೌಸಿ ಆಡಿಸಿ. ಹೌದು, ಅದೇ ಕ್ಲಬ್ಬಿನ ತಂಬೋಲ. ನಂಬರ್ ಪೂರ್ತಿ ಕೇಳುವ ತನಕ ಪೆನ್ನು ಮೇಜಿನ ಮೇಲೇ ಇರಬೇಕು. ಬಹುಮಾನಕ್ಕೆ ಕಡಲೆಮಿಠಾಯಿ ಸಾಕು.

ಪ್ರಶ್ನೆ: ಹೋಂವರ್ಕ್ ಎಲ್ಲ ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಬರುತ್ತಾರೆ. ಹಿಡಿಯುವುದು ಹೇಗೆ?
*— ಫ್ರೆಂಚ್ ಶಿಕ್ಷಕಿ, ಮೈಸೂರು*

ಹಿಡಿಯಬೇಡಿ, ಪೊಲೀಸ್ ಕೆಲಸ ನಮಗ್ಯಾಕೆ? ಬರೆದು ತಂದದ್ದನ್ನು ಮುಚ್ಚಿಟ್ಟು ಪಕ್ಕದವರಿಗೆ ಬಾಯಲ್ಲಿ ಹೇಳಲು ಹೇಳಿ. ಮೊಬೈಲ್ ಬರೆದದ್ದು ಬಾಯಿಗೆ ಬರುವುದಿಲ್ಲ. ಎರಡನೇ ವಾರಕ್ಕೆ ಅವರೇ ಸಣ್ಣ ಸಣ್ಣ ವಾಕ್ಯ ಬರೆದುಕೊಂಡು ಬರುತ್ತಾರೆ.

ಪ್ರಶ್ನೆ: ಜರ್ಮನಿಯಿಂದ ಬರುವ ಪುಸ್ತಕಗಳು ದುಬಾರಿ. ಸಣ್ಣ ಊರಿನಲ್ಲಿ ಮನೆಪಾಠ ಮಾಡುವವರಿಗೆ ಬಿಟ್ಟಿ ಸಾಮಗ್ರಿ ಏನಿದೆ?
*— ಶಿವಮೊಗ್ಗ*

ನಾನು ಕಲಿಯುವ ಕಾಲದಲ್ಲಿ ಒಂದು ಕ್ಯಾಸೆಟ್‌ಗಾಗಿ ಲೈಬ್ರರಿಯಲ್ಲಿ ಸರದಿ ಕಾಯಬೇಕಿತ್ತು. ಈಗ ಸಾಮಗ್ರಿಯ ಪ್ರವಾಹ. ಎಲ್ಲ ಬಾಚಿಕೊಳ್ಳಬೇಡಿ, ಎರಡು ಮೂರು ಸಾಕು.

ಡಾಯ್ಚ ವೆಲೆ ಎಂಬ ಜರ್ಮನ್ ಪ್ರಸಾರ ಸಂಸ್ಥೆಯ ‘ನಿಕೋಸ್ ವೆಗ್’ ಪೂರ್ತಿ ಉಚಿತ. ಎ1ರಿಂದ (ತೀರಾ ಹೊಸಬರ ಮಟ್ಟ) ಬಿ1ರವರೆಗೆ (ನಡು ಮಟ್ಟ) ಸಣ್ಣ ಸಣ್ಣ ವಿಡಿಯೊ. ಸ್ಪೇನಿನಿಂದ ಬಂದ ನಿಕೋ ವಿಮಾನ ನಿಲ್ದಾಣದಲ್ಲೇ ಚೀಲ ಕಳೆದುಕೊಳ್ಳುತ್ತಾನೆ, ಅಲ್ಲಿಂದ ಕತೆ. ಅದನ್ನು ಸಿನಿಮಾ ಹಾಕಿದ ಹಾಗೆ ಹಾಕಿ ಕೂರಬೇಡಿ. ಮೊದಲು ಒಂದು ನಿಮಿಷ ಸೌಂಡ್ ತೆಗೆದು ತೋರಿಸಿ. ಇವರು ಏನು ಮಾತಾಡುತ್ತಿರಬಹುದು ಎಂದು ಊಹಿಸಿ ಬರೆಯಲಿ. ಆಮೇಲೆ ಸೌಂಡ್ ಕೊಡಿ. ತಾವು ಬರೆದ ಒಂದು ಪದ ನಿಕೋನ ಬಾಯಲ್ಲಿ ಬಂದರೂ ಕೂಗಿ ಕುಣಿಯುತ್ತಾರೆ.

ಡಾಯ್ಚ ವೆಲೆಯವರದೇ ನಿಧಾನವಾಗಿ ಓದುವ ವಾರ್ತೆಯೂ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಓದುವುದು ನಿಧಾನ, ಭಾಷೆ ಗಟ್ಟಿಯೇ. ಬಿ1ರ ಮುಂದಿನ ಮಟ್ಟವಾದ ಬಿ2 ಬರುವ ತನಕ ಮುಟ್ಟಬೇಡಿ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗಯಟೆ ಇನ್‌ಸ್ಟಿಟ್ಯೂಟಿನ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಎ1 ಪರೀಕ್ಷೆಯ ಮಾತಿನ ಭಾಗದಲ್ಲಿ ಒಂದು ಪದದ ಕಾರ್ಡ್ ನೋಡಿ ಪ್ರಶ್ನೆ ಕೇಳಬೇಕು, ಚಿತ್ರದ ಕಾರ್ಡ್ ನೋಡಿ ಏನಾದರೂ ಬೇಡಿಕೊಳ್ಳಬೇಕು. ಆ ಕಾರ್ಡ್‌ಗಳನ್ನು ನೀವೇ ಮಾಡಿ. ಜಪಾನಿ ಕಲಿಸುವವರಿಗೆ ಜಪಾನ್ ಫೌಂಡೇಶನ್‌ನ ‘ಇರೊದೊರಿ’ ಪುಸ್ತಕ, ಆಡಿಯೊ ಎರಡೂ ಬಿಟ್ಟಿ. ಫ್ರೆಂಚ್‌ನವರಿಗೆ ಟಿವಿ5 ಮೋಂಡ್ ವೆಬ್‌ಸೈಟಿನಲ್ಲಿ ಬೇಕಾದಷ್ಟು ಅಭ್ಯಾಸಗಳಿವೆ.

ಕಾರ್ಡ್ ಮಾಡಲು ದುಡ್ಡು ಕೊಟ್ಟು ರಟ್ಟು ತರಬೇಡಿ. ಲಗ್ನಪತ್ರಿಕೆ ಇದೆಯಲ್ಲ! ಹಿಂಬದಿ ಖಾಲಿ, ಕಾಗದ ದಪ್ಪ, ಬೇಗ ಹರಿಯುವುದಿಲ್ಲ. ನನ್ನ ಹತ್ತಿರ ಹಳೇ ಬಿಸ್ಕತ್ ಡಬ್ಬಿಯ ತುಂಬ ಅಂಥವಿವೆ. ಒಂದು ಬದಿ ‘ಚಮಚ’ದ ಚಿತ್ರ, ಇನ್ನೊಂದು ಬದಿ ಯಾರದ್ದೋ ಆರತಕ್ಷತೆ. ಚಮಚ ಅಂದ ಮೇಲೆ ನೆನಪಾಯಿತು. ಕನ್ನಡದಲ್ಲಿ ಮೇಜು, ಕುರ್ಚಿ, ಚಮಚ ಎಲ್ಲ ‘ಅದು’. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಒಂದೇ ತಟ್ಟೆಯ ಪಕ್ಕ ಮೂರೂ ಲಿಂಗ! ಅಡುಗೆಮನೆಯಿಂದ ಮೂರನ್ನೂ ಕ್ಲಾಸಿಗೆ ಒಯ್ಯಿರಿ, ಮೊದಲ ಪಾಠಕ್ಕೆ ಅಷ್ಟೇ ಸಾಕು.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಶನಿವಾರ ನಮ್ಮ ಮನೆಯಲ್ಲಿ ಎಂಟು ಕನ್ನಡದ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. 6ರಿಂದ 11 ವರ್ಷದವರು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾರೆ. ಅ ಆ ಇ ಈ ಬರೆಸಿ ಬರೆಸಿ ನನಗೇ ಬೇಜಾರಾಗಿದೆ.

ಅಮ್ಮಾ, ನಿಮಗೇ ಬೇಜಾರಾದರೆ ಆ ಮಕ್ಕಳ ಗತಿ? ಅಕ್ಷರಮಾಲೆಯನ್ನು ಒಂದು ತಿಂಗಳು ಕಪಾಟಿನಲ್ಲಿಡಿ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಅದು ದೊಡ್ಡ ಆಸ್ತಿ. ಅವರು ಕನ್ನಡದಲ್ಲೇ ಬಾಯಿ ಬಿಡಬೇಕಾದರೆ ಎದುರಿಗಿರುವವರಿಗೆ ಜರ್ಮನ್ ಬರಬಾರದು. ನಿಮಗೆ ಬರುತ್ತದೆ ಅಂತ ಅವರಿಗೆ ಗೊತ್ತು. ಆದ್ದರಿಂದ ಪ್ರತಿ ಶನಿವಾರ ಒಬ್ಬೊಬ್ಬರ ಅಜ್ಜಿಗೆ ವಿಡಿಯೊ ಕಾಲ್ ಮಾಡಿ. ಮೂರು ಪ್ರಶ್ನೆ ಮೊದಲೇ ತಯಾರು ಮಾಡಿಸಿ: ಇವತ್ತು ಏನು ಅಡುಗೆ? ಹೇಗೆ ಮಾಡಿದ್ರಿ? ನೀವು ನನ್ನಷ್ಟಿದ್ದಾಗ ಏನು ಆಟ ಆಡ್ತಿದ್ರಿ? ಉತ್ತರವನ್ನು ಉಳಿದ ಮಕ್ಕಳು ಚಿತ್ರ ಬರೆಯಲಿ.

ಜೊತೆಗೆ ಲ–ಳ ಆಟ ಆಡಿಸಿ. ಜರ್ಮನ್‌ನಲ್ಲಿ ಳ ಇಲ್ಲ. ಹಾಗಾಗಿ ಆ ಮಕ್ಕಳ ಕಿವಿಗೆ ಎರಡೂ ಒಂದೇ ಹಾಗೆ ಕೇಳಿಸುವುದುಂಟು. ಹಲ್ಲಿ–ಹಳ್ಳಿ, ಹಾಲು–ಹಾಳು, ಬೆಲೆ–ಬೆಳೆ. ಎರಡು ಗೋಡೆಗೆ ಎರಡು ಚಿತ್ರ, ನೀವು ಹೇಳಿದ ಪದದ ಗೋಡೆಗೆ ಓಡಬೇಕು. ರೂಢಿಯಾದ ಮೇಲೆ ಒಂದು ಮಗುವೇ ಹೇಳಲಿ, ಉಳಿದವರು ಓಡಲಿ. ನನ್ನ ತಂಗಿಯ ಮೊಮ್ಮಗ ಅಲ್ಲೇ ಜರ್ಮನಿಯಲ್ಲಿ ಬೆಳೆದವನು. ಹೋದ ವರ್ಷ ರಜೆಗೆ ಬಂದಿದ್ದಾಗ ಫೋನಿನಲ್ಲಿ ಯಾರಿಗೋ ಗಂಭೀರವಾಗಿ ಹೇಳುತ್ತಿದ್ದ: ‘ಅಜ್ಜಿ ಮನೇಲಿಲ್ಲ, ಹಲ್ಲಿಗೆ ಹೋಗಿದ್ದಾರೆ.’ ಆ ಕಡೆಯವರು ಏನೆಂದುಕೊಂಡರೋ!