ಸೋಮ, ಬುಧ, ಶುಕ್ರದ ಬಿ.ಎ.

ಕಾಲೇಜುಗಳಿಂದ ನನ್ನ ಮೇಜಿಗೆ ಬರುವ ಚೀಟಿಗಳಲ್ಲಿ ಮುಕ್ಕಾಲು ಪಾಲು ಒಂದೇ ಒಕ್ಕಣೆ: ‘ಓದಿನಲ್ಲಿ ಆಸಕ್ತಿ ಇಲ್ಲ, ಹಾಜರಾತಿ ಕಡಿಮೆ, ಆಪ್ತಸಲಹೆ ಅಗತ್ಯ.’ ಬಿ.ಎಸ್ಸಿ. ಹುಡುಗ ತರಗತಿ ತಪ್ಪಿಸಿದರೆ ‘ಏನಾಯ್ತೋ ಪಾಪ’ ಅನ್ನುತ್ತಾರೆ, ಬಿ.ಎ. ಹುಡುಗಿ ತಪ್ಪಿಸಿದರೆ ‘ಇನ್ನೇನು ಮತ್ತೆ’ ಅನ್ನುತ್ತಾರೆ. ಈ ವ್ಯತ್ಯಾಸ ಚೀಟಿಯ ಕೈಬರಹದಲ್ಲೇ ಗೊತ್ತಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಮೇಲುಸೀಮೆ ತಾಲ್ಲೂಕುಗಳಿಂದ ಇಂಥ ಚೀಟಿಗಳು ಅಡಿಕೆ ಕೊಯ್ಲಿನ ಹೊತ್ತಿಗೆ ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ರತ್ನ ಎಂದು ಕರೆಯೋಣ.

ಊರು ಹೊಸನಗರ ತಾಲ್ಲೂಕಿನ ಹಿನ್ನೀರಿನ ಬದಿ. ಅಪ್ಪ ಕೊನೆಗಾರ. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಯುವುದು, ಆಮೇಲೆ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ತೆಗೆಯುವುದು, ಉಳಿದ ತಿಂಗಳು ಸಿಕ್ಕಿದ ಕೆಲಸ. ಸ್ವಲ್ಪ ಜಮೀನಿದೆ, ಬಗರ್‌ಹುಕುಂ, ಅಂದರೆ ಮಂಜೂರಾಗದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನು. ಅವರ ಹೆಸರಿಗೆ ಪಹಣಿ ಆಗಿಲ್ಲ. ಅಣ್ಣ ಬ್ಯಾಂಕ್ ಸಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ರತ್ನ 2024ರಲ್ಲಿ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಸೇರಿದಳು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಿದ ಮೊದಲ ತಂಡ ಅವಳದ್ದು. ‘ನಾಲ್ಕು ವರ್ಷ ಅಂದಿದ್ರೆ ಅಪ್ಪ ಕಳಿಸ್ತಿರಲಿಲ್ಲ’ ಎಂದು ಮೊದಲ ಭೇಟಿಯಲ್ಲೇ ಹೇಳಿದ್ದಳು. ನಾನು ಅದನ್ನು ಟಿಪ್ಪಣಿಯಲ್ಲಿ ಬರೆದುಕೊಂಡು ಮುಂದಕ್ಕೆ ಹೋಗಿದ್ದೆ. ನಿದ್ದೆ, ಊಟ, ಗೆಳತಿಯರು, ಮನೆಯ ಜಗಳ ಎಲ್ಲ ಕೇಳಿದೆ. ಎಲ್ಲದಕ್ಕೂ ‘ಎಂತ ಇಲ್ಲ ಮೇಡಂ’ ಎಂದಳು.

ಎರಡನೇ ಭೇಟಿಯಲ್ಲಿ ಚೀಟಿಯನ್ನೇ ಅವಳ ಮುಂದಿಟ್ಟೆ. ‘ಆಸಕ್ತಿ ಇಲ್ಲ ಅಂತ ಬರೆದಿದ್ದಾರೆ. ನಿಜವಾ?’

ಅವಳು ಓದಿದಳು. ಸ್ವಲ್ಪ ನಗು ಬಂತು.

‘ಸೋಮವಾರ, ಬುಧವಾರ, ಶುಕ್ರವಾರ ಆಸಕ್ತಿ ಇರ್ತದೆ ಮೇಡಂ. ಬಾಕಿ ದಿನ ಇರೂದಿಲ್ಲ.’

ಹಾಜರಾತಿ ಪುಸ್ತಕ ತರಿಸಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ ಇತ್ತು. ಸೋಮವಾರ ಹಾಜರು, ಮಂಗಳವಾರ ಗೈರು, ಬುಧವಾರ ಹಾಜರು. ಜ್ವರ ಬಂದವರ, ಪ್ರೀತಿಯಲ್ಲಿ ಬಿದ್ದವರ, ಬೇಜಾರು ಹಿಡಿದವರ ಗೈರುಹಾಜರಿಗೆ ಇಂಥ ಶಿಸ್ತು ಇರುವುದಿಲ್ಲ. ವಾರದ ದಿನ ಹಿಡಿದು ತಪ್ಪಿಸುವವರ ಹಿಂದೆ ಹೆಚ್ಚಾಗಿ ದುಡ್ಡಿನ ಲೆಕ್ಕ ಇರುತ್ತದೆ.

ಲೆಕ್ಕ ಹೀಗಿತ್ತು. ಊರಿಂದ ಕಾಲೇಜಿಗೆ ಖಾಸಗಿ ಬಸ್ಸಿನಲ್ಲಿ 30 ರೂಪಾಯಿ, ಹೋಗಿ ಬಂದರೆ 60. ಸೋಮವಾರ ಬೆಳಿಗ್ಗೆ ಅಮ್ಮ ಇನ್ನೂರರ ಒಂದು ನೋಟು ಕೊಡುತ್ತಾರೆ. ಮೂರು ದಿನಕ್ಕೆ 180 ಆಯಿತು, ಉಳಿದ 20 ಜೆರಾಕ್ಸಿಗೆ.

ಓದುವವರು ‘ಹೆಣ್ಣುಮಕ್ಕಳಿಗೆ ಬಸ್ ಉಚಿತ ಅಲ್ಲವೇ’ ಎಂದು ಕೇಳಬಹುದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಅನ್ವಯ. ನಮ್ಮ ಘಟ್ಟದ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಕೊಪ್ಪದ ಕಡೆ ಕಾರ್ಮಿಕರೇ ನಡೆಸುತ್ತಿದ್ದ, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತೇ ಹೋಯಿತು. ರತ್ನನ ಊರಿಗೆ ಬರುವ ಒಂದೇ ಒಂದು ಸರ್ಕಾರಿ ಬಸ್ಸು ಮಧ್ಯಾಹ್ನದ್ದು. ಟಿಕೆಟು ಉಚಿತ ಇದೆ, ಕಾಲೇಜಿನ ಹೊತ್ತಿಗೆ ಬಸ್ಸು ಇಲ್ಲ.

‘ಇದನ್ನ ಕಾಲೇಜಿನಲ್ಲಿ ಹೇಳಬಹುದಿತ್ತಲ್ಲ?’

‘ಹೊಟ್ಟೆನೋವು ಅಂತ ಹೇಳೀನಿ.’

‘ಮನೆಯಲ್ಲಿ?’

ಇಲ್ಲಿ ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಬಿ.ಎ.ಗೆ ವಾರಕ್ಕೆ ಮೂರೇ ದಿನ ಕ್ಲಾಸು ಅಂತ ಹೇಳೀನಿ’ ಎಂದಳು.

‘ನಂಬಿದರಾ?’

‘ಬಿ.ಎ. ಅಲ್ದಾ ಮೇಡಂ. ನಂಬಿದ್ರು.’

ಈ ಕೆಲಸದಲ್ಲಿ ಕಣ್ಣೀರು ಕಂಡಿದ್ದೇನೆ, ಕೂಗಾಟ ಕಂಡಿದ್ದೇನೆ. ಈ ಒಂದು ವಾಕ್ಯ ನನ್ನನ್ನು ಕಾಡಿದಷ್ಟು ಅವು ಯಾವುವೂ ಕಾಡಲಿಲ್ಲ. ಅಣ್ಣ ‘ಎಂಜಿನಿಯರಿಂಗಿಗೆ ಮೂರು ದಿನ ಹೋದರೆ ಸಾಕು’ ಅಂದಿದ್ದರೆ ಅಪ್ಪ ಮರುದಿನವೇ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಕೇಳುತ್ತಿದ್ದರು. ಇವಳ ಸುಳ್ಳು ದಕ್ಕಿತು, ಯಾಕೆಂದರೆ ಬಿ.ಎ. ಅಂದರೆ ಅಷ್ಟೇ ಇರಬೇಕು ಎಂದು ಮನೆಯವರಿಗೆ ಮೊದಲೇ ಅನ್ನಿಸಿತ್ತು. ಇವಳಿಗೂ ಒಳಗೊಳಗೆ ಹಾಗೇ ಅನ್ನಿಸತೊಡಗಿತ್ತು. ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ತನ್ನ ಓದಿಗಿಲ್ಲ ಎಂದು ಅವಳೇ ತೀರ್ಮಾನಿಸಿಕೊಂಡು, ಉಳಿದ ಮೂರು ದಿನ ಅಡಿಕೆ ಸುಲಿಯಲು ಹೋಗಿ ಕೂಲಿ ತಂದು ಅಮ್ಮನ ಕೈಗೆ ಕೊಡುತ್ತಿದ್ದಳು.

ಒಂದು ಹಾಳೆ ಕೊಟ್ಟು ವರ್ಷದ ಖರ್ಚು ಬರೆಯಲು ಹೇಳಿದೆ. ದಾಖಲಾತಿ, ಎರಡು ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಪುಸ್ತಕ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಬಂತು. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದಿರುವುದರಿಂದ ಅದು ಅಷ್ಟಕ್ಕೇ ನಿಲ್ಲುತ್ತದೆ. ಆರೂ ದಿನ ಹೋದರೆ ಬಸ್ಸಿಗೆ ತಿಂಗಳಿಗೆ 1,440, ಹತ್ತು ತಿಂಗಳಿಗೆ 14,400. ಬಿ.ಎ. ದುಬಾರಿ ಎನ್ನುವ ಮಾತು ಬಂದಾಗಲೆಲ್ಲ ಎಲ್ಲರೂ ಫೀಸು ಎಷ್ಟು ಎಂದೇ ಕೇಳುತ್ತಾರೆ. ನಮ್ಮ ಕಡೆ ಫೀಸು ಇಡೀ ಖರ್ಚಿನ ಬಾಲ ಮಾತ್ರ.

ಇನ್ನೊಂದು ಸಂಗತಿ ಆ ಹಾಳೆಯಲ್ಲೇ ಕಂಡಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳ ಹಣ ಇತ್ತು, ಒಟ್ಟು 15,000. ಬಸ್ಸಿನ ಖರ್ಚಿಗೆ ಹೇಳಿ ಮಾಡಿಸಿದ ಮೊತ್ತ. ಅರ್ಜಿ ಹಾಕಿದ್ದಳು. ಬಂದಿರಲಿಲ್ಲ, ಯಾವಾಗ ಬರುತ್ತದೆಂದು ಹೇಳುವವರೂ ಇರಲಿಲ್ಲ. ‘ಸ್ಕಾಲರ್‌ಶಿಪ್ ವರ್ಷಕ್ಕೆ ಒಂದ್ಸಲ ಬರ್ತದೆ ಮೇಡಂ, ಕಂಡಕ್ಟರ್ ದಿನಕ್ಕೆ ಎರಡ್ಸಲ ಬರ್ತಾನೆ’ ಎಂದಳು. ಬಡಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ನಾನು ಕೂತು ಕೇಳಿದ ಎಷ್ಟೋ ಭಾಷಣಗಳಲ್ಲಿ ಈ ಮಾತು ಬಂದಿರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ ಅರ್ಜಿಯ ಬಗ್ಗೆ ಆಗಿರಲಿಲ್ಲ. ‘ಮನೆಯಲ್ಲಿ ಆರು ದಿನ ಕ್ಲಾಸು ಇದೆ ಅಂತ ಹೇಳು’ ಎಂದೆ.

ಅವಳು ಹೆದರಿದಳು. ‘ಹೇಳಿದ್ರೆ ಬಿಡಿಸ್ತಾರೆ.’ ನನ್ನ ಜೊತೆ ಕೆಲಸ ಮಾಡುವವರೊಬ್ಬರೂ ಇದನ್ನೇ ಹೇಳಿದರು: ಮೂರು ದಿನವಾದರೂ ನಡೆಯುತ್ತಿದೆ, ಸತ್ಯ ಹೇಳಿಸಿ ಅದನ್ನೂ ಯಾಕೆ ಕೆಡಿಸುತ್ತೀರಿ? ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಅವಳದ್ದು ಐವತ್ತರ ಹತ್ತಿರ ಇತ್ತು. ಅರ್ಧ ಖರ್ಚಿನಲ್ಲಿ ಬಿ.ಎ. ಮುಗಿಸುತ್ತಿದ್ದೇನೆ ಎಂದುಕೊಂಡವಳು ಒಂದು ವರ್ಷವನ್ನೇ ಕಳೆದುಕೊಳ್ಳುವವಳಿದ್ದಳು. ಅದಕ್ಕಿಂತ ಮುಖ್ಯ, ಮನೆಯವರು ಕೊಡುವುದಿಲ್ಲ ಎಂದು ಅವಳು ನಿರ್ಧರಿಸಿದ್ದಳೇ ಹೊರತು ಅವರನ್ನು ಯಾರೂ ಕೇಳಿರಲಿಲ್ಲ. ಅಪ್ಪ ಅಮ್ಮನಿಗೆ ಇಲ್ಲ ಎನ್ನುವ ಅವಕಾಶವನ್ನಾದರೂ ಕೊಡಬೇಕಲ್ಲ.

ಮುಂದಿನ ಭೇಟಿಗೆ ಅಮ್ಮ ಬಂದರು. ರತ್ನ ತಲೆ ತಗ್ಗಿಸಿ ಹೇಳಿದಳು. ಅಮ್ಮ ಕೇಳಿದ ಮೊದಲ ಮಾತು, ‘ಬಿ.ಎ.ಗೂ ಆರು ದಿನ ಇರ್ತದಾ?’ ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ಹಾಳೆ ತಿರುಗಿಸಿ ನೋಡಿ, ‘ಆರು ದಿನಕ್ಕೆ ಎಷ್ಟಾತು ಹಾಂಗಾರೆ?’ ಎಂದರು. ವಾರಕ್ಕೆ 360. ಗೃಹಲಕ್ಷ್ಮಿಯ ಎರಡು ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಕೇಳಬಾರದಿತ್ತು ಎನ್ನುವವರಿದ್ದಾರೆ, ಇರಲಿ. ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ತಡ, ಬಂದದ್ದು ಸಂಘದ ಕಂತಿಗೆ ಮತ್ತು ಮಗನ ರೂಮಿನ ಬಾಡಿಗೆಗೆ. ಅಮ್ಮ ಅದನ್ನು ಹೇಳುತ್ತಾ ಹೇಳುತ್ತಾ ತಾವೇ ನಿಲ್ಲಿಸಿದರು. ‘ಅವನಿಗೆ ಕೇಳ್ದೆ ಕೊಟ್ವಿ. ಇದು ಕೇಳ್ಲೇ ಇಲ್ಲ’ ಎಂದು ಮಗಳ ಕಡೆ ನೋಡಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಅಪ್ಪ ಒಮ್ಮೆ ಮಾತ್ರ ಬಂದಿದ್ದರು, ಬಾಗಿಲ ಹತ್ತಿರವೇ ಕೂತರು. ಯುವನಿಧಿ ಶುರುವಾದದ್ದು ನಮ್ಮ ಶಿವಮೊಗ್ಗದಲ್ಲೇ, 2024ರ ಜನವರಿಯಲ್ಲಿ. ಅವರಿಗೆ ಅದು ಗೊತ್ತಿತ್ತು. ‘ಡಿಗ್ರಿ ಮುಗಿಸಿ ಕೆಲಸ ಸಿಗದಿದ್ರೆ ತಿಂಗಳಿಗೆ ಮೂರು ಸಾವಿರ ಕೊಡ್ತಾರಂತೆ. ಓದುವಾಗ್ಲೇ ಅದರಲ್ಲಿ ಅರ್ಧ ಕೊಟ್ಟಿದ್ರೆ ಎಂತಾಗ್ತಿತ್ತು ಮೇಡಮ್ಮೋರೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾಲ್ಲೂಕು ಕೇಂದ್ರದ ಬಿ.ಸಿ.ಎಂ. (ಹಿಂದುಳಿದ ವರ್ಗಗಳ) ಹಾಸ್ಟೆಲ್ಲಿಗೆ ಸೇರಿಸಿ ಎಂದು ಬಲವಾಗಿ ಹೇಳಿದೆ. ಊಟ, ವಸತಿ ಎರಡೂ ಉಚಿತ, ಮುಖ್ಯವಾಗಿ ದಿನಾ ಕೈಯಿಂದ ಬಿಚ್ಚಬೇಕಾದ 60 ರೂಪಾಯಿ ಉಳಿಯುತ್ತದೆ. ಹಣ ಯಾವಾಗ ಬರುತ್ತದೆ ಎಂದು ಕಾಯುವ ಮನೆಗೆ, ಹಣವೇ ಬೇಡದ ಏರ್ಪಾಡು ದೊಡ್ಡದು. ಅಪ್ಪ ಆ ವರ್ಷ ಒಪ್ಪಲಿಲ್ಲ. ಮಗಳು ಮನೆಯಲ್ಲಿರಬೇಕು, ಕೊಟ್ಟಿಗೆ ಕೆಲಸ ಯಾರು ಮಾಡುವುದು ಎಂದರು. ಹಾಗಾಗಿ ಮೊದಲ ವರ್ಷ ಐದು ದಿನ ಕಾಲೇಜು, ಶನಿವಾರ ಸುಲಿಯುವುದು ಎಂಬ ರಾಜಿಯಲ್ಲಿ ಮುಗಿಯಿತು. ಹಾಜರಾತಿ ಕೊರತೆ ಮನ್ನಾ ಮಾಡಿಸಲು ಕಾಲೇಜಿನ ಇಬ್ಬರು ಅಧ್ಯಾಪಕರು ಓಡಾಡಿದರು. ಅರ್ಥಶಾಸ್ತ್ರದ ಒಂದು ಪತ್ರಿಕೆ ಉಳಿಯಿತು, ಆಮೇಲೆ ಕಟ್ಟಿ ಪಾಸು ಮಾಡಿದಳು. ವಿದ್ಯಾಸಿರಿ ಹಣ ವರ್ಷ ಮುಗಿಯುವಾಗ ಒಟ್ಟಿಗೆ ಬಂತು, ಅಷ್ಟರಲ್ಲಿ ಮಾಡಿದ್ದ ಕೈಗಡಕ್ಕೆ ಹೋಯಿತು. ಬಿ.ಎ. ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ಕೊಡುವ ರೈತ ವಿದ್ಯಾನಿಧಿ ಇವಳಿಗೆ ಸಿಗಲೇ ಇಲ್ಲ. ಅದಕ್ಕೆ ಅಪ್ಪನ ಹೆಸರು ರೈತರ ಸರ್ಕಾರಿ ದಾಖಲೆಯಾದ ಫ್ರೂಟ್ಸ್ ನೋಂದಣಿಯಲ್ಲಿ ರೈತ ಎಂದು ಇರಬೇಕು, ಅದಕ್ಕೆ ಪಹಣಿ ಬೇಕು. ಬಗರ್‌ಹುಕುಂ ಜಮೀನಿನವರು ಗದ್ದೆಯಲ್ಲಿ ಮಾತ್ರ ರೈತರು. ಹತ್ತನೇ ತರಗತಿ, ಪಿ.ಯು.ಸಿ. ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುವ ಯೋಜನೆ 2025ರಲ್ಲಿ ನಮ್ಮ ರಾಜ್ಯದವರಿಗೂ ದೊರೆಯಿತು. ಅದು ಪದವಿಯ ಮೊದಲ ವರ್ಷಕ್ಕೆ ಸೇರುವವರಿಗೆ. ರತ್ನ ಆಗ ಎರಡನೇ ವರ್ಷಕ್ಕೆ ಬಂದಾಗಿತ್ತು. ಈಗ ಪಿ.ಯು. ಮುಗಿಸುತ್ತಿರುವ ಹುಡುಗಿಯರ ಮನೆಯವರು ಇದನ್ನೊಂದು ನೆನಪಿಟ್ಟುಕೊಳ್ಳಬೇಕು.

ನಡುವೆ ಒಮ್ಮೆ ಅವಳು ‘ಮುಕ್ತ ವಿಶ್ವವಿದ್ಯಾಲಯಕ್ಕೆ ಹಾಕ್ತೀನಿ ಮೇಡಂ, ಬಸ್ಸೇ ಬೇಡ’ ಎಂದಿದ್ದಳು. ಬೇಡ ಎಂದೆ. ಅಂಚೆ ತೆರಪಿನ ಶಿಕ್ಷಣದ ಮೇಲೆ ನನಗೆ ಸಿಟ್ಟಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ 2018ರಲ್ಲಿ ಮರಳಿ ಸಿಕ್ಕಿದೆ, ಮಾನ್ಯತೆ ಇರುವಲ್ಲಿ ಹೀಗೆ ಪಡೆದ ಪದವಿ ನಿತ್ಯ ಕಾಲೇಜಿನ ಪದವಿಗೆ ಸಮ ಎಂದು 2022ರಲ್ಲಿ ಯು.ಜಿ.ಸಿ.ಯೇ ಸ್ಪಷ್ಟಪಡಿಸಿದೆ. ಕೆಲಸದಲ್ಲಿರುವವರಿಗೆ, ಮದುವೆಯಾಗಿ ಓದು ಬಿಟ್ಟವರಿಗೆ ನಾನೇ ಅದನ್ನು ಹೇಳುತ್ತೇನೆ. ರತ್ನನ ಮನೆಯಲ್ಲಿ ಮಾತ್ರ ಅದರ ಅರ್ಥ ಆರೂ ದಿನ ಅಡಿಕೆ ಸುಲಿಯುವುದು, ಪರೀಕ್ಷೆಯ ಹಿಂದಿನ ವಾರ ಪುಸ್ತಕ ತೆಗೆಯುವುದು. ಲೈಬ್ರರಿಯಲ್ಲಿ ಕೂರುವ ಒಂದು ಗಂಟೆ, ರಾಜ್ಯಶಾಸ್ತ್ರದ ಮೇಷ್ಟ್ರ ಜೊತೆ ವಾದ, ಗೆಳತಿಯರ ಬಾಯಲ್ಲಿ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಯ ಸುದ್ದಿ, ಇವೆಲ್ಲ ಬಿ.ಎ.ಯ ಒಳಗೇ ಸೇರಿದ್ದು. ಅಗ್ಗ ಮಾಡುತ್ತೇವೆಂದು ಅದನ್ನೇ ತೆಗೆದುಹಾಕಿದರೆ ಉಳಿಯುವುದು ಅಂಕಪಟ್ಟಿ.

‘ನೀವು ಮನಸ್ಸಿನ ಡಾಕ್ಟರೋ, ಸೈಬರ್ ಸೆಂಟರೋ’ ಎಂದು ನನ್ನನ್ನು ತಮಾಷೆ ಮಾಡುವವರಿದ್ದಾರೆ. ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್.ಡಿ. ಸಂಖ್ಯೆ ಸರಿ ಇದೆಯೇ, ಆಧಾರಿನ ಹೆಸರೂ ಅಂಕಪಟ್ಟಿಯ ಹೆಸರೂ ಒಂದೇ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ನಾನು ಕೂತು ನೋಡುವುದು ನಿಜ. ಇವುಗಳಲ್ಲಿ ಒಂದು ತಪ್ಪಿದರೂ ಹಣ ಮಧ್ಯದಲ್ಲೇ ನಿಂತಿರುತ್ತದೆ, ಹುಡುಗಿ ಮನೆಯಲ್ಲಿ ಸುಳ್ಳು ಹೇಳುತ್ತಿರುತ್ತಾಳೆ, ಆ ಸುಳ್ಳಿನ ಭಾರಕ್ಕೆ ಬರುವ ತಲೆನೋವನ್ನು ನನ್ನ ಹತ್ತಿರ ಕಳಿಸುತ್ತಾರೆ. ತಲೆನೋವನ್ನು ಮಾತ್ರ ನೋಡಿ ಕಳಿಸುವುದು ನನ್ನಿಂದಾಗದು.

ಅಧ್ಯಾಪಕರಿಗೆ ಒಂದು ಕೋರಿಕೆ ಇದೆ. ಚೀಟಿ ಬರೆಯುವ ಮುಂಚೆ ಹಾಜರಾತಿ ಪುಸ್ತಕವನ್ನು ವಾರದ ದಿನ ಹಿಡಿದು ಓದಿ. ‘ಯಾಕೆ ಬರಲಿಲ್ಲ’ ಎಂದು ಕೇಳಿದರೆ ಹೊಟ್ಟೆನೋವು ಎನ್ನುತ್ತಾರೆ. ‘ಬಸ್ಸಿಗೆ ಎಷ್ಟಾಗುತ್ತೆ, ಯಾರು ಕೊಡ್ತಾರೆ, ಯಾವತ್ತು ಕೊಡ್ತಾರೆ’ ಎಂದು ಕೇಳಿ, ಅದೂ ತರಗತಿಯಲ್ಲಿ ಎಲ್ಲರ ಎದುರು ಬೇಡ. ಒಂದು ಕಾಲೇಜಿನಲ್ಲಿ ಅಧ್ಯಾಪಕರೇ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿ ಬಸ್ಸಿನ ಹಣ ಮುಂಗಡ ಕೊಡುತ್ತಾರೆ, ವಿದ್ಯಾರ್ಥಿವೇತನ ಬಂದ ಮೇಲೆ ಮಕ್ಕಳು ವಾಪಸು ಕೊಡುತ್ತಾರೆ. ದಾನ ಅಂದರೆ ಮುಟ್ಟದ ಹುಡುಗಿಯರು ಮುಂಗಡ ಅಂದರೆ ತೆಗೆದುಕೊಳ್ಳುತ್ತಾರೆ. ಎರಡು ಮೂರು ಸಾವಿರದ ತಿರುಗುಹಣ ಒಬ್ಬಳ ಸೆಮಿಸ್ಟರನ್ನು ದಾಟಿಸುತ್ತದೆ.

ಎರಡನೇ ವರ್ಷ ಅಪ್ಪ ಹಾಸ್ಟೆಲ್ಲಿಗೆ ಒಪ್ಪಿದರು. ಕೊಟ್ಟಿಗೆಯ ಒಂದು ಹಸು ಮಾರಿದರಂತೆ, ಆ ಬಗ್ಗೆ ರತ್ನನಿಗೆ ಇನ್ನೂ ಬೇಸರವಿದೆ. ಮುಂದೆ ಬಿ.ಎಡ್. ಮಾಡಲೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಲೋ ಎಂದು ಕೇಳಿಕೊಂಡು ಮೊನ್ನೆ ಬಂದಿದ್ದಳು. ಎರಡಕ್ಕೂ ವಾರಕ್ಕೆ ಎಷ್ಟು ಬೇಕು ಎಂದು ಅಮ್ಮನ ಜೊತೆ ಕೂತು ಬರೆದು ತರಲು ಹೇಳಿ ಕಳಿಸಿದ್ದೇನೆ.